ರದ್ದಿ ಇಟ್ಟಿಗೆ ಹಾಕುವ ಹುಡುಗರಿಗೆ

ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವ ತನಕ ಕಾಗದದ ಇಟ್ಟಿಗೆ ಹಾಕಬೇಡಿ. ಹಾಕಿದರೆ ಒಣಗುವುದಿಲ್ಲ, ಒಣಗದ ಇಟ್ಟಿಗೆಗೆ ಬೂಸ್ಟು ಬರುತ್ತದೆ, ಬೂಸ್ಟು ಬಂದದ್ದನ್ನು ಯಾವ ಸಿಮೆಂಟೂ ಉಳಿಸುವುದಿಲ್ಲ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನು ಗಂಟು ಕಟ್ಟಿಕೊಂಡು ಹೋದರೂ ಸಾಕು.

ಈಚೆಗೆ ಬೆಳಗಾವಿ ಕೋಟೆ ಕಡೆಯ ಹುಡುಗರು, ಖಾನಾಪುರದಿಂದ ಕಾಲೇಜಿಗೆ ಬರುವ ಹುಡುಗಿಯರು ಮೊಬೈಲಿನಲ್ಲಿ ವಿಡಿಯೊ ಹಿಡಿದುಕೊಂಡು ಬರುತ್ತಾರೆ. ಯಾವುದೋ ದೇಶದಲ್ಲಿ ಯಾರೋ ಹಳೆ ಪೇಪರು ನೆನೆಸಿ ಮನೆ ಕಟ್ಟಿರುತ್ತಾರೆ. ‘ಕಾಕಾ, ಇದು ನಮ್ಮ ಕಡೆ ಆಗ್ತದೇನ್ರಿ?’ ಅಂತ ಕೇಳುತ್ತಾರೆ. ಆಗ್ತದ ತಮ್ಮಾ, ಆಗ್ತದ ತಂಗಿ. ಎಲ್ಲಿ ಆಗ್ತದ, ಎಲ್ಲಿ ಆಗೂದಿಲ್ಲ ಅನ್ನೂದನ್ನ ಮೊದಲ ಕೇಳ್ರಿ. ನಾನು ಗವಂಡಿಗಳ ಜೊತೆ ಬಿಸಿಲಲ್ಲಿ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಹೊಸ ಸಾಮಾನು ಬಂದಾಗಲೆಲ್ಲ ಇದೇ ಪ್ರಶ್ನೆ ಎದ್ದದ್ದನ್ನು ನೋಡಿದ್ದೇನೆ.

ಪೇಪರ್‌ಕ್ರೀಟ್ ಅನ್ನುವ ಈ ಕೆಲಸ ದೊಡ್ಡ ವಿದ್ಯೆಯೇನಲ್ಲ. ಕಾಗದ ನೆನೆಸಿ, ಅರೆದು, ನಾರು ಬಿಡಿಸಿ, ಅದಕ್ಕೆ ಸಿಮೆಂಟು, ಬೇಕಾದರೆ ಉಸುಕು ಕಲಸಿ ಅಚ್ಚಿಗೆ ಹಾಕುವುದು. ಇಂಥ ಮಿಶ್ರಣಕ್ಕೆ 1928ರಲ್ಲೇ ಪೇಟೆಂಟ್ ಸಿಕ್ಕಿತ್ತು ಎನ್ನುತ್ತಾರೆ. ಆಮೇಲೆ ಬಹುಕಾಲ ಅದನ್ನು ಕೇಳುವವರಿರಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಎರಿಕ್ ಪ್ಯಾಟರ್ಸನ್, ಕೊಲೊರಾಡೊದಲ್ಲಿ ಮೈಕ್ ಮೆಕೇನ್ ಬೇರೆ ಬೇರೆಯಾಗಿ ಅದನ್ನು ಮತ್ತೆ ಕಂಡುಕೊಂಡ ಮೇಲೆ ಹೆಸರು ಬಂತು. ಪ್ಯಾಟರ್ಸನ್ ಛಾಪಖಾನೆಯವನು, ಕಾಗದಕ್ಕೆ ಬರವಿರಲಿಲ್ಲ. ಮೆಕೇನ್ ಹಳೆ ಕಾರಿನ ಹಿಂದಿನ ಆಕ್ಸಲ್ ಮೇಲೆ ದನಗಳ ನೀರಿನ ತೊಟ್ಟಿ ಕೂರಿಸಿ, ಅದರೊಳಗೆ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಇಟ್ಟ. ಗಾಡಿಗೆ ಕಟ್ಟಿ ಎಳೆದರೆ ಚಕ್ರ ತಿರುಗುವಾಗ ಬ್ಲೇಡೂ ತಿರುಗಿ ಕಾಗದ ಅರೆಯುತ್ತಿತ್ತು. ನಮ್ಮ ಉದ್ಯಮಬಾಗದ ವರ್ಕ್‌ಶಾಪಿನವರು ನೋಡಿದರೆ ಇದೇನು ಮಹಾ ಅಂದಾರು.

ಆ ವಿಡಿಯೊಗಳು ಹೇಳದ ಮಾತೊಂದಿದೆ. ಅವರಿಬ್ಬರೂ ಕಟ್ಟಿದ್ದು ಒಣ ಸೀಮೆಯಲ್ಲಿ. ಪ್ಯಾಟರ್ಸನ್‌ನ ಸಿಲ್ವರ್ ಸಿಟಿಯಲ್ಲಿ ವರ್ಷಕ್ಕೆ 400 ಮಿ.ಮೀ. ಆಸುಪಾಸು ಮಳೆ. ಬೆಳಗಾವಿ ಶಹರದಲ್ಲಿ ಅದು 1,200 ಮಿ.ಮೀ. ದಾಟುತ್ತದೆ. ಖಾನಾಪುರದಿಂದ ಜಾಂಬೋಟಿ ಹಾದು ಮಲಪ್ರಭೆ ಹುಟ್ಟುವ ಕಣಕುಂಬಿಗೆ ಹೋದರೆ ಅದರ ಹಲವು ಪಟ್ಟು. ಅದೇ ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ 10,000 ಮಿ.ಮೀ. ಮೀರಿದ ಮಳೆ ದಾಖಲಾಗಿದೆ. ಒಂದೇ ತಾಲೂಕು ಅಂತ ಒಂದೇ ಗೋಡೆ ನಡೆಯುವುದಿಲ್ಲ. ನಂದಗಡದಲ್ಲಿ ನಿಂತದ್ದು ಕಣಕುಂಬಿಯಲ್ಲಿ ನಿಲ್ಲಬೇಕೆಂದೇನಿಲ್ಲ.

ಹಾಗಂತ ಕಾಗದ ನಮಗೆ ಹೊಸದು ಅಂದುಕೊಳ್ಳಬೇಡಿ. ನಿಮ್ಮ ಅಜ್ಜಿಯನ್ನು ಕೇಳಿ. ರದ್ದಿ ಕಾಗದ ಹರಿದು ಎರಡು ಮೂರು ದಿನ ನೆನೆ ಹಾಕುತ್ತಿದ್ದರು. ಬೇರೆ ಪಾತ್ರೆಯಲ್ಲಿ ಮೆಂತ್ಯ ನೆನೆಸಿ ನುಣ್ಣಗೆ ರುಬ್ಬುತ್ತಿದ್ದರು. ಎರಡನ್ನೂ ಒರಳಿಗೆ ಹಾಕಿ ಕುಟ್ಟಿ, ಕೊಡವನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆ ಅರಿವೆ ಹೊದಿಸಿ, ಆ ಮುದ್ದೆಯನ್ನು ಅಂಗೈಯಿಂದ ತಟ್ಟುತ್ತ ಹಚ್ಚುತ್ತಿದ್ದರು. ಒಂದೇ ಸಲಕ್ಕೆ ದಪ್ಪ ಹಚ್ಚುತ್ತಿರಲಿಲ್ಲ. ಮೊದಲ ಪದರ ನೆರಳಲ್ಲಿ ಆರಿದ ಮೇಲೆ ಎರಡನೆಯದು. ಪೂರ್ತಿ ಒಣಗಿದ ಮೇಲೆ ಕೊಡ ತೆಗೆದರೆ ಬುಟ್ಟಿ ತಯಾರು. ಬಿದಿರಿನ ಮೊರದ ಸಂದಿ ಮುಚ್ಚುವುದಕ್ಕೂ ಇದೇ ಮುದ್ದೆ. ಮೆಂತ್ಯದ ಲೋಳೆಯಲ್ಲಿ ಗ್ಯಾಲಕ್ಟೊಮನ್ನನ್ ಅನ್ನುವ ಅಂಟು ಇದೆ ಅಂತ ಈಗ ರಸಾಯನಶಾಸ್ತ್ರದವರು ಹೇಳುತ್ತಾರೆ. ಕೊಪ್ಪಳ ಕಡೆಯ ಕಿನ್ನಾಳದ ಗೊಂಬೆಗಾರರು ಅಂಟಿಗೆ ಹುಣಸೆ ಬೀಜವನ್ನು ಹಿಡಿದರು. ಗೋಣಿ ನಾರು, ಮರದ ಹೊಟ್ಟು ಸೇರಿಸಿ ಕಲಸಿ ದೇವರ ಮೂರ್ತಿಗೆ ಮೆತ್ತುತ್ತಾರೆ. ಹಳೆ ಕಾಲದ ಶಾನುಭೋಗರ ಕಡತಗಳ ಬಟ್ಟೆಗೆ ಗಟ್ಟಿತನ ಬಂದದ್ದೂ ಹುಣಸೆ ಬೀಜದ ಸರಿಯಿಂದಲೇ.

ಆ ಬುಟ್ಟಿ ಮನೆಯಲ್ಲಿ ಎಲ್ಲಿರುತ್ತಿತ್ತು ಅನ್ನುವುದನ್ನೂ ಕೇಳಿ. ಗೂಟಕ್ಕೆ ನೇತು ಹಾಕಿರುತ್ತಿದ್ದರು, ಇಲ್ಲವೇ ಅಟ್ಟದ ಮೇಲೆ. ಬಚ್ಚಲ ಹತ್ತಿರ, ಸಾರಿಸಿದ ಹಸಿ ನೆಲದ ಮೇಲೆ ಯಾರೂ ಇಡುತ್ತಿರಲಿಲ್ಲ. ಪದರ ತೆಳ್ಳಗಿರಬೇಕು, ನೆರಳಲ್ಲಿ ಆರಬೇಕು, ನೆಲದ ತೇವ ತಾಗಬಾರದು. ಪೇಪರ್‌ಕ್ರೀಟಿನ ಬಗ್ಗೆ ಎಂಜಿನಿಯರಿಂಗ್ ಪ್ರಬಂಧಗಳು ಹತ್ತಾರು ಪುಟದಲ್ಲಿ ಹೇಳುವುದರಲ್ಲಿ ಅರ್ಧ ಇಲ್ಲೇ ಮುಗಿಯಿತು.

ಈಗ ಕೆಲಸಕ್ಕೆ ಬರೋಣ. ಯಾವ ಕಾಗದ ತರುತ್ತೀರಿ? ಒಳ್ಳೆಯ ಬಿಳಿ ಕಾಗದ, ನೋಟ್‌ಬುಕ್ಕು, ಒಣ ರಟ್ಟಿನ ಪೆಟ್ಟಿಗೆ ಮೊದಲು ರದ್ದಿ ಅಂಗಡಿಗೆ ಹೋಗಲಿ. ಅಲ್ಲಿಂದ ಅದು ಗಿರಣಿಗೆ ಹೋಗಿ ಮತ್ತೆ ಕಾಗದವಾಗುತ್ತದೆ. ನಮ್ಮ ದೇಶದ ಗಿರಣಿಗಳು ಹಳೆ ಕಾಗದ ಸಾಲದೆ ಹೊರದೇಶದಿಂದ ತರಿಸಿಕೊಳ್ಳುತ್ತವೆ. ಅಂಥ ಕಾಗದವನ್ನು ಸಿಮೆಂಟಿನಲ್ಲಿ ಹೂತು ಪರಿಸರ ಉಳಿಸಿದೆವು ಅನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಮಳೆಯಲ್ಲಿ ನೆನೆದದ್ದು, ಹರಿದು ಚಿಂದಿಯಾದದ್ದು, ಮೊಟ್ಟೆಯ ಟ್ರೇ, ಛಾಪಖಾನೆಯ ಕತ್ತರಿಸಿದ ಅಂಚು, ಅಂಗಡಿಯವನು ಬೇಡ ಅಂದದ್ದು ನಿಮ್ಮ ಪಾಲಿನದು. ಪ್ಲಾಸ್ಟಿಕ್ ಹೊದಿಕೆಯ ಮದುವೆ ಪತ್ರಿಕೆ ಬೇಡ. ಎಷ್ಟು ನೆನೆಸಿದರೂ ಪದರು ಬಿಡುವುದಿಲ್ಲ. ಪಿನ್ನು, ಸುರುಳಿ ತಂತಿ ತೆಗೆಯಿರಿ, ಇಲ್ಲವಾದರೆ ಬ್ಲೇಡು ಹೋಗುತ್ತದೆ, ಕೈಯೂ ಹೋಗುತ್ತದೆ.

ಹರಿದ ಕಾಗದ ಡ್ರಮ್ಮಿನಲ್ಲಿ ಎರಡು ಮೂರು ದಿನ ಮುಳುಗಿರಲಿ. ಅರೆಯುವುದಕ್ಕೆ ಅಡುಗೆಮನೆಯ ಮಿಕ್ಸರ್ ಕದ್ದು ತರಬೇಡಿ. ಅದು ಸುಟ್ಟು ಹೋಗುತ್ತದೆ, ಅವ್ವನ ಕೈಯಲ್ಲಿ ನೀವೂ ಸಿಗುತ್ತೀರಿ. ಪೇಂಟರುಗಳು ಬಣ್ಣ ಕಲಸುವ ಸಲಾಕೆಯನ್ನು ಡ್ರಿಲ್ ಮಶೀನಿಗೆ ಹಾಕಿಕೊಂಡರೆ ಸಣ್ಣ ಪ್ರಮಾಣಕ್ಕೆ ಸಾಕು. ಎಷ್ಟು ಅರೆಯಬೇಕು? ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿಯಿರಿ. ಒಂದು ಅಕ್ಷರ ಓದಲು ಬಂದರೂ ಇನ್ನೂ ಅರೆಯಬೇಕು. ‘ಕನ್ನಡಮ್ಮ’ವೂ ‘ತರುಣ ಭಾರತ’ವೂ ಒಂದೇ ಡ್ರಮ್ಮಿಗೆ ಬೀಳುವ ಊರು ನಮ್ಮದು, ಸರಿಯಾಗಿ ಅರೆದ ಮೇಲೆ ಯಾವುದು ಯಾವ ಭಾಷೆಯ ಪೇಪರು ಅಂತ ಹೇಳಿದವನಿಗೆ ಒಂದು ಕುಂದಾ ಡಬ್ಬಿ ಕೊಡಿಸುತ್ತೇನೆ.

ಅರೆದದ್ದನ್ನು ಹಳೆ ಸೀರೆಯಲ್ಲಿ ಕಟ್ಟಿ ನೇತು ಹಾಕಿ ನೀರಿಳಿಸಿ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬೇಕು, ಹರಿಯಬಾರದು. ಮುಷ್ಟಿ ಬಿಚ್ಚಿದರೆ ಉಂಡೆಯ ಮೇಲೆ ನಾಲ್ಕು ಬೆರಳಿನ ಗುರುತು ಹಾಗೇ ನಿಲ್ಲಬೇಕು. ಇಳಿದ ನೀರನ್ನು ಗಟಾರಕ್ಕೆ ಬಿಡಬೇಡಿ, ಖಾನಾಪುರದವರು ಹೊಳೆಗಂತೂ ಬಿಡಲೇಬೇಡಿ. ಮುಂದಿನ ಡ್ರಮ್ಮಿಗೆ ಅದೇ ನೀರು ಬರುತ್ತದೆ.

ಪಾಲು ಎಷ್ಟು ಅಂತ ಕೇಳುತ್ತೀರಿ. ಹಿಂಡಿದ ಮುದ್ದೆ ಆರು ಬುಟ್ಟಿ, ಉಸುಕು ಮೂರು, ಸಿಮೆಂಟು ಒಂದು. ಇಲ್ಲಿಂದ ಶುರು ಮಾಡಿ, ಆಮೇಲೆ ಹೆಚ್ಚು ಕಡಿಮೆ ಮಾಡಿ ನೋಡಿ. ಉಸುಕು ಹೆಚ್ಚಾದರೆ ಇಟ್ಟಿಗೆ ಭಾರವಾಗುತ್ತದೆ, ಕುಗ್ಗುವುದು ಕಡಿಮೆಯಾಗುತ್ತದೆ. ಉಸುಕು ಬಿಟ್ಟರೆ ಹಗುರ, ಬಿಸಿಲು ತಡೆಯುವ ಗುಣ ಹೆಚ್ಚು, ಆದರೆ ಒಣಗುವಾಗ ಸೊಟ್ಟಗಾಗುತ್ತದೆ. ಉದ್ಯಮಬಾಗದ ಫೌಂಡ್ರಿಗಳ ಹೊರಗೆ ಬಿದ್ದಿರುವ ಕಪ್ಪು ಉಸುಕು ಪುಕ್ಕಟೆ ಸಿಗುತ್ತದೆ ಅಂತ ಎತ್ತಿಕೊಂಡು ಬರಬೇಡಿ. ಅದರಲ್ಲಿ ಎರಕದ ಅಂಟು, ರಾಳ ಸುಟ್ಟು ಕೂತಿರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಮಲಗುವ ಕೋಣೆಯ ಗೋಡೆಗೆ ಅದು ಬೇಡ.

ತಳವಿಲ್ಲದ ಮರದ ಅಚ್ಚು ಸಾಕು. ಮಣ್ಣಿನ ಇಟ್ಟಿಗೆ ಹಾಕುವವರು ಮಾಡುವ ಹಾಗೆ ಅಚ್ಚನ್ನು ನೀರಿನಲ್ಲಿ ಅದ್ದಿ, ತುಂಬಿ, ಕೈಯಿಂದ ಒತ್ತಿ, ನೇರ ಮೇಲೆತ್ತಿ. ಮೊದಲ ದಿನ ಮುಟ್ಟಬೇಡಿ. ಗಟ್ಟಿಯಾದ ಮೇಲೆ ಮಗ್ಗುಲಿಗೆ ನಿಲ್ಲಿಸಿ, ನಡುವೆ ಗಾಳಿಯಾಡಲು ಬೆರಳಿನಷ್ಟು ಸಂದಿ ಬಿಡಿ. ಕಾಂಕ್ರೀಟಿಗೆ ಹೊಡೆಯುವ ಹಾಗೆ ಇದಕ್ಕೆ ನೀರು ಹೊಡೆಯಬೇಕಿಲ್ಲ. ಕಾಗದದೊಳಗಿನ ನೀರೇ ಸಿಮೆಂಟಿಗೆ ಸಾಕಾಗುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಒಂದನ್ನು ದಿನ ಬಿಟ್ಟು ದಿನ ತೂಗಿ. ತೂಕ ಇಳಿಯುವುದು ನಿಂತಿತೋ, ಆಗ ಒಣಗಿತು. ಬೇಸಿಗೆಯಲ್ಲೂ ಕೆಲವು ವಾರ ಹಿಡಿಯುತ್ತದೆ.

ಕೈಗವಸಿಲ್ಲದೆ ಕಲಸಬೇಡಿ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾದಾ ಸಿಮೆಂಟನ್ನು ಗವಂಡಿ ಕರಣೆಯಿಂದ ಮುಟ್ಟುತ್ತಾನೆ. ಈ ಮುದ್ದೆಯನ್ನು ನೀವು ಗಂಟೆಗಟ್ಟಲೆ ಬರಿಗೈಯಲ್ಲಿ ನಾದುತ್ತೀರಿ. ಹಸಿ ಸಿಮೆಂಟಿನ ಕ್ಷಾರ ಚರ್ಮ ತಿನ್ನುತ್ತದೆ. ಉರಿ ತಕ್ಷಣ ಗೊತ್ತಾಗುವುದಿಲ್ಲ, ರಾತ್ರಿ ರೊಟ್ಟಿ ಮುರಿಯುವಾಗ ಗೊತ್ತಾಗುತ್ತದೆ.

ಇನ್ನು ಲೆಕ್ಕ. ‘ಪುಕ್ಕಟೆ ರದ್ದಿಯಿಂದ ಪುಕ್ಕಟೆ ಮನೆ’ ಅನ್ನುವವರು ಕೂತು ಒಮ್ಮೆ ಪೆನ್ಸಿಲ್ ಹಿಡಿಯಲಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆ. ಬಾಗಿಲು ಕಿಟಕಿ ಲೆಕ್ಕ ಬಿಟ್ಟರೆ ನಾಲ್ಕು ಗೋಡೆಗೆ 400 ಚದರಡಿ. ನಾಲ್ಕೂವರೆ ಇಂಚಿನ ಗೋಡೆ ಅಂದರೂ ಸುಮಾರು 1,900 ಇಟ್ಟಿಗೆ ಬೇಕು. ಮೇಲೆ ಹೇಳಿದ ಪಾಲಿನಲ್ಲಿ ಒಂದೊಂದಕ್ಕೆ ಕಾಲು ಕಿಲೋ ಮೀರಿ, ಹೆಚ್ಚುಕಡಿಮೆ ಮೂರರಲ್ಲೊಂದು ಕಿಲೋ ಒಣ ಕಾಗದ ಹೋಗುತ್ತದೆ. ಒಟ್ಟು 630 ಕಿಲೋ. ದಿನಪತ್ರಿಕೆ ತರಿಸುವ ಮನೆಯಲ್ಲಿ ತಿಂಗಳಿಗೆ ಮೂರು ಕಿಲೋ ರದ್ದಿ ಹಿಡಿದರೆ ಹದಿನೇಳೂವರೆ ವರ್ಷದ ಪೇಪರು! ಅದಾದರೂ ಓಣಿಯವರೆಲ್ಲ ಸೇರಿದರೆ ಬಂದೀತು. ಸಿಮೆಂಟು ಎಷ್ಟು? ತೂಕದಲ್ಲಿ ಹೆಚ್ಚುಕಡಿಮೆ ಕಾಗದದಷ್ಟೇ. ಹದಿಮೂರು ಹದಿನಾಲ್ಕು ಚೀಲ ಇಟ್ಟಿಗೆಗೇ ಹೋಯಿತು, ಕಟ್ಟುವ ಗಾರೆ, ಗಿಲಾವು ಬೇರೆ. ಖಾನಾಪುರದ ಭಟ್ಟಿಯಿಂದ ಬರುವ ಕೆಂಪು ಇಟ್ಟಿಗೆಯಲ್ಲಿ ಒಂದು ಚಿಟಿಕೆ ಸಿಮೆಂಟೂ ಇರುವುದಿಲ್ಲ. ಭಟ್ಟಿಗೆ ಉರುವಲು ಬೇಕು, ಹೊಗೆ ಬರುತ್ತದೆ, ಅದು ನಿಜ. ಸಿಮೆಂಟೂ ಭಟ್ಟಿಯಲ್ಲೇ ಬೇಯುತ್ತದೆ, ಅದು ನಮ್ಮ ಕಣ್ಣೆದುರು ಬೇಯುವುದಿಲ್ಲ ಅಷ್ಟೆ.

ಆದ್ದರಿಂದ ನಾನು ನಿಮಗೆ ಮನೆ ಕಟ್ಟಿ ಅನ್ನುವುದಿಲ್ಲ. ಭಾರ ಹೊರುವ ಗೋಡೆಗಂತೂ ಬೇಡವೇ ಬೇಡ. ಸುಟ್ಟ ಇಟ್ಟಿಗೆ ಭಾರ ತಡೆಯದಿದ್ದರೆ ಬಿರುಕು ಬಿಟ್ಟು ತಿಳಿಸುತ್ತದೆ. ಇದು ಹಾಗಲ್ಲ, ಸದ್ದಿಲ್ಲದೆ ಕುಗ್ಗುತ್ತ ಹೋಗುತ್ತದೆ. ಮೇಲಿನ ಛತ್ತಿನ ಭಾರ ಕಂಬ, ತೊಲೆಗಳ ಮೇಲೆ ನಿಂತು, ಕಾಗದದ ಇಟ್ಟಿಗೆ ನಡುವಿನ ಸಂದಿ ತುಂಬುವುದಕ್ಕಷ್ಟೇ ಬರಬೇಕು. ನೀರಿನ ಮಾತೂ ಅಷ್ಟೆ. ಮನೆಗೆ ಬಳಸುವ ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆ 24 ಗಂಟೆ ನೀರಿನಲ್ಲಿದ್ದರೆ ತನ್ನ ತೂಕದ ನೂರಕ್ಕೆ 20ಕ್ಕಿಂತ ಹೆಚ್ಚು ಹೀರಬಾರದು ಅಂತ ಭಾರತೀಯ ಮಾನಕ 1077 ಹೇಳುತ್ತದೆ. ಉಸುಕಿಲ್ಲದ ಕಾಗದದ ಇಟ್ಟಿಗೆ ತನ್ನ ತೂಕದಷ್ಟೇ ನೀರನ್ನು ಕುಡಿದು ಕೂತೀತು. ಬಕೀಟಿನಲ್ಲಿ ಇಟ್ಟು ನೀವೇ ನೋಡಿ, ನನ್ನ ಮಾತು ನಂಬಬೇಕಿಲ್ಲ.

ಮಳೆಗಾಲದ ನಡುವೆ ಒಂದು ದಿನ ಹೊಳವಾದಾಗ ಕೋಟೆಗೆ ಹೋಗಿ ಗೋಡೆ ನೋಡಿ ಬನ್ನಿ. ಸೆಲ್ಫಿ ಆಮೇಲೆ. ನೆಲದಿಂದ ಎಷ್ಟು ಎತ್ತರದವರೆಗೆ ಪಾಚಿ ಹತ್ತಿದೆ, ಎಲ್ಲಿಗೆ ನಿಂತಿದೆ, ನೀರು ಯಾವ ಕಡೆ ಇಳಿದು ಹೋಗಿದೆ, ಅಷ್ಟನ್ನು ನೋಡಿ. ಒಳಗಿನ ಕಮಲ ಬಸದಿಯನ್ನು ರಟ್ಟರ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಕಲ್ಲಿನ ಕಟ್ಟಡವಾದರೂ ಅದನ್ನು ಎತ್ತರದ ಜಗಲಿಯ ಮೇಲೆ ಎತ್ತಿ ಕೂರಿಸಿ, ಮೇಲೆ ಮುಂಚಾಚಿದ ಸೂರು ಇಟ್ಟಿದ್ದಾರೆ. ಖಾನಾಪುರದ ಹಳೆ ಮನೆಗಳನ್ನೂ ನೋಡಿ. ಹಂಚಿನ ಇಳಿಜಾರು ಮಾಡು ಗೋಡೆ ದಾಟಿ ಎಷ್ಟು ಮುಂದೆ ಬಂದಿದೆ! ಮಳೆ ಹೊಡೆಯುವ ಬದಿಗೆ ತಟ್ಟಿ ಕಟ್ಟುವವರು ಈಗಲೂ ಇದ್ದಾರೆ. 2019ರ ಆಗಸ್ಟ್ ಮಳೆಗೆ ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದದ್ದು ನಿಮಗೆ ನೆನಪಿರಬೇಕು. ಬುಡಕ್ಕೆ ನೀರು ನಿಂತರೆ ಮಣ್ಣೇ ಉಳಿಯಲಿಲ್ಲ, ಕಾಗದದ ಪಾಡೇನು?

ಹೊರದೇಶದವರು ಕಟ್ಟಿದ ಎರಡು ಬಗೆಯ ಮನೆಗಳ ಮಾತು ಹೇಳುತ್ತೇನೆ, ಎರಡೂ ಪೇಪರ್‌ಕ್ರೀಟ್ ಅಲ್ಲ, ಆದರೂ ಕೇಳಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ರಾಕ್‌ಪೋರ್ಟಿನಲ್ಲಿ ಎಲಿಸ್ ಸ್ಟೆನ್‌ಮನ್ ಎಂಬ ಎಂಜಿನಿಯರ್ 1922ರಲ್ಲಿ ದಿನಪತ್ರಿಕೆಗಳನ್ನು ಒತ್ತಿ ಅಂಟಿಸಿ ಗೋಡೆ ಮಾಡಿದ. ಮನೆ ಇಂದಿಗೂ ಇದೆ. ಆದರೆ ಅದರ ಚೌಕಟ್ಟು, ನೆಲ, ಮಾಡು ಮರದ್ದು. ಕಾಗದದ ಮೇಲೆ ವಾರ್ನಿಷ್. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ 1995ರ ಕೋಬೆ ಭೂಕಂಪದ ಮೇಲೆ ಕಾಗದದ ಕೊಳವೆಗಳಿಂದ ಸಂತ್ರಸ್ತರಿಗೆ ಮನೆ ಕಟ್ಟಿದರು, 2001ರ ಭೂಕಂಪದ ಮೇಲೆ ನಮ್ಮ ಭುಜ್‌ಗೂ ಬಂದರು. ಭುಜ್‌ನಲ್ಲಿ ಅವರು ಬಿದ್ದ ಕಟ್ಟಡಗಳ ಕಲ್ಲುಮಣ್ಣಿನಿಂದ ಪಾಯ ಹಾಕಿ, ಸ್ಥಳೀಯರ ಮಣ್ಣಿನ ನೆಲ ಮಾಡಿಸಿ, ಕೊಳವೆಗಳನ್ನು ಅದರ ಮೇಲೆ ನಿಲ್ಲಿಸಿ, ಬಿದಿರಿನ ಮಾಡಿನ ಚಾಪೆಗಳ ನಡುವೆ ತಾಡಪತ್ರಿ ಹಾಕಿದರು. 2014ರಲ್ಲಿ ಅವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಕಾಗದ ಹಿಡಿದು ಗೆದ್ದವರೆಲ್ಲ ಪಾಯ ಮತ್ತು ಮಾಡಿನ ಬಗ್ಗೆ ಕಾಗದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡವರು.

ಹಾಗಾದರೆ ಎಲ್ಲಿ ಬಳಸುವುದು? ಮಾಡಿನ ಕೆಳಗೆ, ಮನೆಯ ಒಳಗೆ. ನಮ್ಮಲ್ಲಿ ತಗಡಿನ ಶೆಡ್ಡುಗಳು ಎಷ್ಟಿವೆ ನೋಡಿ. ಏಪ್ರಿಲ್ ಮಧ್ಯಾಹ್ನ ಅದರೊಳಗೆ ಕೂರಲಾಗದು, ಜುಲೈ ರಾತ್ರಿ ಮಳೆಯ ಸದ್ದಿಗೆ ಮಕ್ಕಳಿಗೆ ಓದಲಾಗದು. ಈ ಎರಡಕ್ಕೂ ಕಾಗದದ ಹಲಗೆ ಮದ್ದು. ಉಸುಕು ಬಿಟ್ಟು, ಎರಡಡಿ ಚೌಕ, ಒಂದೂವರೆ ಇಂಚು ದಪ್ಪ, ನಡುವೆ ಕೋಳಿ ಜಾಳಿಗೆ ಹುದುಗಿಸಿ ಎರಕ ಹೊಯ್ಯಿರಿ. ಒಣಗಿದ ಮೇಲೆ ಎಂಟು ಕಿಲೋ ಆಸುಪಾಸು ಬಂದೀತು. ತಗಡಿನ ಕೆಳಗೆ ಒಂದು ಗೇಣು ಗಾಳಿ ಬಿಟ್ಟು, ಕಬ್ಬಿಣದ ಪಟ್ಟಿಯ ಮೇಲೆ ಕೂರಿಸಿ. ತಂತಿಯಿಂದ ನೇತು ಹಾಕುವುದಾದರೆ ಪ್ರತಿ ಮೂಲೆಗೆ ಎರಡು ತಂತಿ. ಎಂಟು ಕಿಲೋ ಹಗುರ ಅನ್ನುವುದು ಎತ್ತುವವನ ಮಾತು, ಕೆಳಗೆ ಮಲಗುವವನದ್ದಲ್ಲ. ತಗಡು ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಸೋರುವ ಮಾಡಿನ ಕೆಳಗೆ ಕಾಗದದ ಹಲಗೆ ನೀರು ಕುಡಿದು ತೂಕದಲ್ಲಿ ಎರಡರಷ್ಟಾಗುತ್ತದೆ.

ಕೋಣೆ ನಡುವಿನ ಅಡ್ಡಗೋಡೆ, ಪುಸ್ತಕದ ಗೂಡು, ಕೂರುವ ಕಟ್ಟೆ, ಗೋಡೆಯ ಮೇಲಿನ ಉಬ್ಬು ಚಿತ್ರ, ಎಲ್ಲವೂ ಆಗುತ್ತವೆ. ಕೆಳಗಿನ ಎರಡು ಸಾಲು ಕಲ್ಲು ಇಲ್ಲವೇ ಸುಟ್ಟ ಇಟ್ಟಿಗೆ ಇರಲಿ. ನೆಲ ಒರೆಸುವ ನೀರೂ ನೀರೇ. ಗೆದ್ದಲಿಗೆ ಕಾಗದ ಅಂದರೆ ಪ್ರಾಣ, ಕಾಡಂಚಿನ ಊರಿನವರಿಗೆ ನಾನು ಹೇಳಬೇಕಿಲ್ಲ. ಮುದ್ದೆಯಲ್ಲಿ ಸ್ವಲ್ಪ ಬೋರಾಕ್ಸ್, ಅಂದರೆ ನಮ್ಮ ಬಿಳಿಗಾರ, ಕರಗಿಸಿ ಹಾಕಿದರೆ ಹುಳಕ್ಕೂ ಬೂಸ್ಟಿಗೂ ತಡೆ. ಇನ್ನು ಬೆಂಕಿ. ಸಿಮೆಂಟು ಸರಿಯಾಗಿ ಬಿದ್ದ ಇಟ್ಟಿಗೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ, ಇದನ್ನೇ ವಿಡಿಯೊದಲ್ಲಿ ತೋರಿಸುತ್ತಾರೆ. ಸಿಮೆಂಟು ಕಡಿಮೆ ಬಿದ್ದದ್ದು ಉರಿಯದೆ ಒಳಗೊಳಗೇ ಕಮರುತ್ತ ಹೋಗುತ್ತದೆ, ಅದನ್ನು ತೋರಿಸುವುದಿಲ್ಲ. ಒಲೆ, ಗೀಸರು, ದೇವರ ದೀಪದ ಗೂಡು, ಕರೆಂಟಿನ ಬೋರ್ಡು ಇರುವ ಗೋಡೆಗೆ ಬಳಸಬೇಡಿ. ಮತ್ತೆ ಮಸಿ ಕಾಗದದ ಬುಟ್ಟಿಯಲ್ಲಿ ರೊಟ್ಟಿ, ಚಪಾತಿ ಇಡಬೇಡಿ. ಪತ್ರಿಕೆಯಲ್ಲಿ ತಿನಿಸು ಕಟ್ಟಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ, ಖಡೇಬಜಾರದ ಭಜಿ ಗಾಡಿಯವರಿಗೆ ಅದು ಇನ್ನೂ ಕೇಳಿಸಿಲ್ಲ.

ಗಣಪತಿ ಮಾಡುವ ಹುಡುಗರಿಗೆ ಬೇರೆಯಾಗಿ ಹೇಳಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ ಅಂದಾಗ ಕೆಲವರು ಕಾಗದಕ್ಕೆ ತಿರುಗಿದರು. ಕಾಗದದ ಮೂರ್ತಿ ಹಗುರ, ಒಡೆಯುವುದಿಲ್ಲ, ಸಾಗಿಸಲು ಸುಲಭ. ಮುಳುಗಿಸಿದ ಮೇಲಿನ ಕಥೆ ಬೇರೆ. ಕಪಿಲೇಶ್ವರ ಹೊಂಡದಂಥ ನಿಂತ ನೀರಿನಲ್ಲಿ ನಾರು ಕೊಳೆಯುತ್ತ ನೀರಿನ ಪ್ರಾಣವಾಯು ತಿನ್ನುತ್ತದೆ, ಅಚ್ಚಿನ ಮಸಿ ನೀರಿಗಿಳಿಯುತ್ತದೆ. ಸಿಮೆಂಟು ಸೇರಿಸಿದರಂತೂ ಅದು ಕರಗುವುದೇ ಇಲ್ಲ. ನೀರಿಗೆ ಹೋಗುವ ಮೂರ್ತಿಗೆ ಶಾಡು ಮಣ್ಣು, ಸಣ್ಣ ಮೂರ್ತಿ. ಅಷ್ಟೇ. ಕಾಗದದ ಕೆಲಸ ಅದರ ಹಿಂದಿನ ದೇಖಾವೆಯಲ್ಲಿದೆ. ನಮ್ಮ ಮಂಡಳಗಳು ಪ್ರತಿ ವರ್ಷ ಥರ್ಮಾಕೋಲಿನಿಂದ ಗುಡ್ಡ, ಗುಹೆ, ದೇವಸ್ಥಾನ ಮಾಡಿ ಹನ್ನೊಂದನೆಯ ದಿನ ಕಸಕ್ಕೆ ಎಸೆಯುತ್ತವೆ. ಅದನ್ನು ಬಿದಿರಿನ ಚೌಕಟ್ಟು, ಜಾಳಿಗೆ, ಕಾಗದದ ಮುದ್ದೆಯಿಂದ ಮಾಡಿ. ತುಂಡು ತುಂಡಾಗಿ ಬಿಚ್ಚಿ ಗೋದಾಮಿನಲ್ಲಿ ಇಟ್ಟರೆ ಮುಂದಿನ ವರ್ಷ ಬಣ್ಣ ಬದಲಿಸಿದರೆ ಸಾಕು. ಕೆಲಸ ಬೇಸಿಗೆಯಲ್ಲೇ ಮುಗಿದಿರಬೇಕು, ಗಣಪತಿ ಬರುವುದು ಮಳೆಯಲ್ಲಿ.

ಮೊದಲ ಸಲ ಕೈ ಹಚ್ಚುವವರು ದೀಪಾವಳಿಯ ಕಿಲ್ಲಾದಿಂದ ಶುರು ಮಾಡಿ. ಮಳೆ ಹಿಂದೆ ಸರಿದಿರುತ್ತದೆ, ಓಣಿ ಓಣಿಯಲ್ಲಿ ಮಕ್ಕಳು ಮಣ್ಣು ತುಳಿದು ಕೋಟೆ ಕಟ್ಟುತ್ತಿರುತ್ತಾರೆ. ರಾಜಹಂಸಗಡವನ್ನೋ ಭೀಮಗಡವನ್ನೋ ಒಮ್ಮೆ ಹತ್ತಿ ನೋಡಿ ಬಂದು, ಬುರುಜು, ಬಾಗಿಲು, ಗೋಡೆಗಳನ್ನು ಬೇರೆ ಬೇರೆ ಅಚ್ಚಿನಲ್ಲಿ ಹಾಕಿ ಜೋಡಿಸಿ. ಸಿಮೆಂಟಿನ ಜಾಗದಲ್ಲಿ ಮೆಂತ್ಯ ಹಾಕಿದ್ದು ಒಂದು ಬುರುಜು, ಕೆಂಪು ಮಣ್ಣು ಹಾಕಿದ್ದು ಇನ್ನೊಂದು, ಸಿಮೆಂಟಿನದು ಮತ್ತೊಂದು. ಯಾವುದು ಎಷ್ಟು ಕುಗ್ಗಿತು, ಯಾವುದು ಬಿರುಕು ಬಿಟ್ಟಿತು, ಯಾವುದಕ್ಕೆ ಇಲಿ ಬಾಯಿ ಹಾಕಿತು ಎಲ್ಲ ಗೊತ್ತಾಗುತ್ತದೆ. ಕೆಟ್ಟರೆ ಯಾರ ತಲೆಯ ಮೇಲೂ ಬೀಳುವುದಿಲ್ಲ.

ನನ್ನ ಮನಸ್ಸಿನಲ್ಲಿರುವ ಇನ್ನೊಂದು ದಾರಿ ಖಾನಾಪುರದ್ದು. ಅಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ಹಂಚು ಇಟ್ಟಿಗೆಗೆ ಹೆಸರಾದ ಮಣ್ಣು ಇದೆ. ಹಸಿ ಮಣ್ಣಿಗೆ ಕಾಗದದ ನಾರು ಕಲಸಿದರೆ ಒಣಗುವಾಗ ಬಿರುಕು ಕಡಿಮೆ, ಹಸಿ ಪಾತ್ರೆ ಮುರಿಯುವುದು ಕಡಿಮೆ. ಭಟ್ಟಿಯಲ್ಲಿ ಕಾಗದ ಸುಟ್ಟು ಹೋಗಿ ಸಣ್ಣ ಸಣ್ಣ ರಂಧ್ರ ಉಳಿದು ಸಾಮಾನು ಹಗುರಾಗುತ್ತದೆ. ಹೊರಗಿನ ಕುಂಬಾರ ಕಲಾವಿದರು ಇದನ್ನು ದಶಕಗಳಿಂದ ಮಾಡುತ್ತಿದ್ದಾರೆ. ಭತ್ತದ ಹೊಟ್ಟು ಕಲಸಿ ಇಟ್ಟಿಗೆ ಸುಡುವವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ಸಿಮೆಂಟು ಬೇಡ, ಮಳೆಗೆ ಹೆದರಬೇಕಾಗಿಲ್ಲ, ಗೆದ್ದಲು ತಿನ್ನಲು ಒಳಗೆ ಕಾಗದವೇ ಉಳಿದಿರುವುದಿಲ್ಲ. ಪಶ್ಚಿಮದ ಕಾಡಿನ ಬದಿಯ ಊರುಗಳಿಗೆ ರದ್ದಿಯಿಂದ ಏನಾದರೂ ಹೊರಗೋಡೆ ಬರುವುದಾದರೆ ಅದು ಈ ದಾರಿಯಿಂದಲೇ ಬಂದೀತು ಅನ್ನುವುದು ನನ್ನ ಅಭಿಪ್ರಾಯ. ಎಂಜಿನಿಯರಿಂಗ್ ಓದುವವರು ಪ್ರಾಜೆಕ್ಟಿಗೆ ಅಂತ ಆರು ಇಟ್ಟಿಗೆ ಒಡೆದು ವರದಿ ಬರೆದು ಮುಗಿಸುವ ಬದಲು ಒಮ್ಮೆ ಕುಂಬಾರರ ಹತ್ತಿರ ಹೋಗಿ ಕೂಡಿ. ಅವರನ್ನು ‘ಮಾಮಾ’, ‘ಕಾಕಾ’ ಅಂತ ಮಾತಾಡಿಸಿ, ಅವರ ಮಣ್ಣಿಗೆ ನಿಮ್ಮ ಮುದ್ದೆ ಕಲಸಲು ಒಪ್ಪಿಗೆ ಕೇಳಿ. ಭಟ್ಟಿ ಅವರದು, ಉರಿಯ ಹದ ಅವರಿಗೆ ಗೊತ್ತು.

ಯಾವ ದಾರಿ ಹಿಡಿದರೂ ಹಾಕಿದ ಪ್ರತಿ ಇಟ್ಟಿಗೆಯ ಮೇಲೆ ಮೊಳೆಯಿಂದ ನಂಬರು ಕೊರೆಯಿರಿ. ಪಾಲು ಎಷ್ಟು, ಹಾಕಿದ ತಾರೀಖು ಯಾವುದು, ಒಣಗಿದ ಮೇಲೆ ತೂಕ ಎಷ್ಟು, ಬಕೀಟಿನಲ್ಲಿ ನೆನೆದ ಮೇಲೆ ಎಷ್ಟು, ಎಲ್ಲ ಬರೆದಿಡಿ. ಎರಡು ಇಟ್ಟಿಗೆಯನ್ನು ಮಾಳಿಗೆಯ ಮೇಲೆ ಒಂದು ಪೂರ್ತಿ ಮಳೆಗಾಲ ಬಿಟ್ಟು, ದಸರಾ ಹೊತ್ತಿಗೆ ಮತ್ತೆ ತೂಗಿ. ಕನ್ನಡದಲ್ಲಿ ಬರೆಯಿರಿ, ಮರಾಠಿಯಲ್ಲಿ ಬರೆಯಿರಿ, ನಿಮ್ಮ ನಂತರ ಬರುವ ಹುಡುಗರಿಗೆ ಓದಲು ಬಂದರಾಯಿತು. ಆ ನೋಟ್‌ಬುಕ್ಕನ್ನು ಮಾತ್ರ ಡ್ರಮ್ಮಿಗೆ ಹಾಕಬೇಡಿ.